ಲೈವ್‌ಬುಕ್‌ನಾಗ ಮೂರು ಡ್ಯಾಮಿನ 10 ವರ್ಷದ ಗ್ರಾಫ್: ಟೂಲ್‌ಟಿಪ್, ಜೂಮ್, ವರ್ಷ ಆರಿಸೋದು ಯಾವುದೂ ಸರಿ ಬರವಲ್ದು

ಸೆಕ್ಟರ್_46 (ಬಾಗಲಕೋಟೆ)

ನಮಸ್ಕಾರ್ರಿ. ಆಲಮಟ್ಟಿ, ಹಿಡಕಲ್, ನವಿಲುತೀರ್ಥ ಮೂರೂ ಡ್ಯಾಮಿನ ದಿನದ ಬುಲೆಟಿನ್ ಕೂಡಿಸಿ ಒಂದು ಸಿಎಸ್‌ವಿ ಫೈಲ್ ಐತಿ. 2014ರ ಜೂನ್ 1ರಿಂದ 2024ರ ಮೇ 31ರ ತನಕ. ಒಟ್ಟು 3,653 ದಿನ, ಮೂರೂ ಡ್ಯಾಮ್ ಕೂಡಿ ಹನ್ನೊಂದು ಸಾವಿರದ ಹತ್ರ ಸಾಲು. ಕಾಲಂ ಆರು: ಡ್ಯಾಮ್, ತಾರೀಖು, ಮಟ್ಟ.ಮೀ, ಟಿಎಂಸಿ (ನೀರಿನ ಸಂಗ್ರಹ), ಒಳಹರಿವು, ಹೊರಹರಿವು. ಎಲಿಕ್ಸಿರ್ ಭಾಷಾದ ಲೈವ್‌ಬುಕ್ (ಬ್ರೌಸರಿನಾಗ ಕೋಡ್ ಬರದು ಓಡಿಸೋ ನೋಟ್‌ಬುಕ್) ಒಳಗ ಎಕ್ಸ್‌ಪ್ಲೋರರ್ ಅನ್ನೋ ಡೇಟಾ ಲೈಬ್ರರಿಲೆ ಓದಿ, ವೇಗಾಲೈಟ್ ಅನ್ನೋ ಲೈಬ್ರರಿಲೆ ಗ್ರಾಫ್ ತಗ್ಯಾಕತ್ತೀನಿ.

ತಕರಾರು ಇಷ್ಟು. ಪ್ರತಿ ತಿಂಗಳು 12ನೇ ತಾರೀಖು ದಾಟಿದ ಮ್ಯಾಲ ಗೆರಿ ಮಾಯ ಆಗ್ತೈತಿ, 12ರ ಒಳಗಿನ ದಿನಗೋಳೂ ಎಲ್ಲೆಲ್ಲೋ ಹೋಗಿ ಕುಂತಾವ. ಜುಲೈದಾಗ ಬಂದ ನೀರು ಡಿಸೆಂಬರ್‌ದಾಗ ಕಾಣ್ತೈತಿ. ಮಟ್ಟದ ಗ್ರಾಫ್ ಪೂರಾ ಖಾಲಿ, ಎರರ್ರೂ ಇಲ್ಲ. ಟೂಲ್‌ಟಿಪ್ ಎಲ್ಲಿ ಮೌಸ್ ಇಟ್ರೂ ಒಂದೇ ದಿನ ತೋರಸ್ತೈತಿ, 01-06-2014. ವರ್ಷದ ಡ್ರಾಪ್‌ಡೌನ್ ಬದಲಿಸಿದ್ರ ಗ್ರಾಫ್ ಅಲ್ಲಾಡೂದಿಲ್ಲ, ಸೆಲ್ (ನೋಟ್‌ಬುಕ್ಕಿನ ಕೋಡ್ ತುಂಡು) ಮತ್ತ ರನ್ ಮಾಡಬೇಕು. ಕೊನೀದು, ವರ್ಷಕ್ಕೊಂದು ಲೇಯರ್ ಸೇರಸಾಕ ಎನಮ್.ಈಚ್ (ಎಲಿಕ್ಸಿರ್‌ನ ಲೂಪ್) ಬಳಸೀನಿ, ಲೂಪ್ ಮುಗದ ಮ್ಯಾಲ ನೋಡಿದ್ರ ಒಂದೂ ಲೇಯರ್ ಇಲ್ಲ. ಪೈಥಾನ್‌ದಾಗ ಇದ ಲೂಪ್ ಸರಿ ನಡೀತಿತ್ತು.

ಆಖೀರಿಗೆ ಬೇಕಾಗಿರೋದು: ಹಿಡಕಲ್ ಮತ್ತ ನವಿಲುತೀರ್ಥದ ಹೊರಹರಿವು ಕೂಡಿಸಿ ಒಂದು ಗೆರಿ, ಅದರ ಮ್ಯಾಲ ಆಲಮಟ್ಟಿ ಒಳಹರಿವಿನ ಗೆರಿ. ಜೂಮ್ ಆಗಬೇಕು, ವರ್ಷ ವರ್ಷ ಹೋಲಿಸಾಕ ಬರಬೇಕು.

ಕುಂದಾ_ಕರದಂಟು (ಬೆಳಗಾವಿ)

ಐದೂ ತಕರಾರಿಗೆ ಬ್ಯಾರೆ ಬ್ಯಾರೆ ಕಾರಣ ಅದಾವ. ಮೊದಲಿನ ಎರಡು ಗ್ರಾಫಿನ ತಪ್ಪೇ ಅಲ್ಲ, ಡೇಟಾದ್ದು. ಕೋಡನ್ನು ಕನ್ನಡ ಅಕ್ಷರದಾಗ ಬರೀತೀನಿ, ಬಾಯಿಲೆ ಹೇಳಿದಂಗ ಓದ್ಕೊಳ್ರಿ; ಟೈಪ್ ಮಾಡುವಾಗ ಇಂಗ್ಲಿಷ್.

ತಾರೀಖು. ನಿಮ್ಮ ಫೈಲಿನಾಗ 13-07-2019 ಅಂತ ಇರಬೇಕು. ಎಕ್ಸ್‌ಪ್ಲೋರರ್ ಅದನ್ನು ಸ್ಟ್ರಿಂಗ್ (ಬರೀ ಅಕ್ಷರ) ಅಂತ ಇಟ್ಕೊಂಡೈತಿ, ನೀವು ವೇಗಾಲೈಟ್‌ಗೆ ಟೆಂಪೊರಲ್ (ಕಾಲ) ಅಂತ ಹೇಳೀರಿ, ಕೊನೆಗೆ ಅದನ್ನು ಓದಿದ್ದು ಬ್ರೌಸರಿನ ಜಾವಾಸ್ಕ್ರಿಪ್ಟ್. ಅದು ಅಮೆರಿಕದ ಪದ್ಧತಿಯಂಗ ತಿಂಗಳು ಮೊದಲು ಅಂತ ಓದ್ತದ. 12-07-2019 ಅಂದ್ರ ಡಿಸೆಂಬರ್ 7. 13-07 ಅಂದ್ರ 13ನೇ ತಿಂಗಳು, ಅದು ಇಲ್ಲ, ಪಾಯಿಂಟೂ ಇಲ್ಲ. ಬ್ರೌಸರಿಗೆ ಹೋಗೋಕಿಂತ ಮೊದಲ ಎಲಿಕ್ಸಿರ್ ಕಡೆನೇ ಖರೇ ಡೇಟ್ ಮಾಡಿಬಿಡ್ರಿ. ಸಾಲು ಹತ್ತು ಸಾವಿರ ಅಷ್ಟೇ, ಸೀರೀಸ್.ಟ್ರಾನ್ಸ್‌ಫಾರ್ಮ್ ಒಳಗ ಒಂದು ಫಂಕ್ಷನ್ ಸಾಕು: ಗೆರೆ ಮ್ಯಾಲ ಸ್ಟ್ರಿಂಗ್.ಸ್ಪ್ಲಿಟ್, ಮೂರೂ ತುಂಡು ಇಂಟಿಜರ್, ಆಮ್ಯಾಲ ಡೇಟ್.ನ್ಯೂ!(ವರ್ಷ, ತಿಂಗಳು, ದಿನ). ಆಶ್ಚರ್ಯ ಚಿಹ್ನೆ ಇರೋ ನ್ಯೂ! ಬಳಸ್ರಿ. 31-06 ಅಂತ ಯಾರಾದ್ರೂ ತಪ್ಪು ಹೊಡದಿದ್ರ ಅಲ್ಲೇ ನಿಂತು ಚೀರ್ತದ. ಸುಮ್ಮನೆ ನುಂಗೋದಕ್ಕಿಂತ ಅದು ಚಲೋ.

ಡೇಟ್ ಆದ ಮ್ಯಾಲ ಇನ್ನೊಂದು ಸಣ್ಣ ಗುಂಡಿ ಐತಿ. ವೇಗಾಲೈಟ್ ಅದನ್ನು 2019-07-13 ಅಂತ ಕಳಿಸ್ತದ. ಬರೀ ತಾರೀಖು ಇದ್ದ ಈ ರೂಪವನ್ನು ಬ್ರೌಸರ್ ಯುಟಿಸಿ (ಜಾಗತಿಕ ಸಮಯ) ಮಧ್ಯರಾತ್ರಿ ಅಂತ ತಿಳೀತದ. ನಮ್ಮ ಗಡಿಯಾರಕ್ಕೆ ಅದು ಬೆಳಿಗ್ಗೆ 5:30. ಗೆರಿಯಲ್ಲಿ ಗೊತ್ತಾಗಂಗಿಲ್ಲ, ಆದ್ರ ಜೂಮ್ ಮಾಡಿದಾಗ ಪಾಯಿಂಟು ದಿನದ ಗೀಟಿನಿಂದ ಕಾಲು ಭಾಗದಷ್ಟು ಬಲಕ್ಕ ಸರದಂಗ ಕಾಣ್ತದ. ಎಕ್ಸ್ ಸ್ಕೇಲಿಗೆ ಟೈಪ್ ಯುಟಿಸಿ ಕೊಡ್ರಿ, ಟೂಲ್‌ಟಿಪ್‌ನಾಗೂ ಟೈಮ್‌ಯೂನಿಟ್ ಯುಟಿಸಿ-ಇಯರ್-ಮಂತ್-ಡೇಟ್ ಇರಲಿ.

ಖಾಲಿ ಗ್ರಾಫ್: ಕಾಲಂ ಹೆಸರಿನ ಚುಕ್ಕಿ. ವೇಗಾ-ಲೈಟ್‌ಗೆ "ಮಟ್ಟ.ಮೀ" ಅಂದ್ರ "ಮಟ್ಟ" ಅನ್ನೋ ಡಬ್ಬಿ ಒಳಗಿನ "ಮೀ". ಅಂಥ ಡಬ್ಬಿ ಇಲ್ಲ, ಹಿಂಗಾಗಿ ಎರರ್ ಇಲ್ಲದೆ ಖಾಲಿ. ಚೌಕ ಬ್ರಾಕೆಟ್ಟಿಗೂ ಇದೇ ಗತಿ. ಡಿಎಫ್.ರೀನೇಮ್ ಮಾಡ್ರಿ (ಡಿಎಫ್ ಅಂದ್ರ ಡೇಟಾಫ್ರೇಮ್, ಎಕ್ಸ್‌ಪ್ಲೋರರ್‌ನ ಟೇಬಲ್). ನನ್ನ ಮಾತು ಕೇಳೋದಾದ್ರ ಕಾಲಂ ಹೆಸರು ಎಲ್ಲಾ ಇಂಗ್ಲಿಷ್ ಸಣ್ಣಕ್ಷರದಾಗ ಇಟ್ಟು, ಕನ್ನಡ ಹೆಸರನ್ನು ಟೈಟಲ್ ಅಂತ ಕೊಡ್ರಿ. ಮುಂದ ಸೆಲೆಕ್ಷನ್ (ಮೌಸ್‌ಲೆ ಆರಿಸೋದು) ಬಳಸುವಾಗ ಇದು ಕೈ ಹಿಡೀತದ; ಪ್ಯಾರಾಮ್ (ಗ್ರಾಫಿನಾಗ ಬದಲಾಗೋ ಮೌಲ್ಯ) ಹೆಸರಿಗಂತೂ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಇಷ್ಟೇ ಇರಬೇಕು.

ಹೆಸರು ಸರಿ ಮಾಡಿದ ಕೂಡಲೆ ಇನ್ನೊಂದು ಕಾಣ್ತದ, ಈಗಲೇ ಹೇಳಿಬಿಡ್ತೀನಿ. ಆಲಮಟ್ಟಿ ಗೆರಿ ತಳದಾಗ 519ರ ಹತ್ರ, ಉಳಿದೆರಡು ಮ್ಯಾಲ 2,100ರ ಸುಮಾರು. ಕಾಲಂ ಹೆಸರು ಮೀಟರ್ ಅಂದ್ರೂ ಬುಲೆಟಿನ್ನಿನಾಗ ಆಲಮಟ್ಟಿ ಮಾತ್ರ ಮೀಟರ್: ಪೂರ್ಣ ಮಟ್ಟ 519.60. ಹಿಡಕಲ್ 2,175 ಅಡಿ, ನವಿಲುತೀರ್ಥ 2,079.50 ಅಡಿ. 0.3048ರಿಂದ ಗುಣಿಸಿದ್ರ 662.94 ಮೀ., 633.83 ಮೀ. ಮಾಡ್ಕೊಳ್ರಿ, ಆದ್ರ ಮೂರು ಡ್ಯಾಮ್ ಹೋಲಿಸಾಕ ಮಟ್ಟ ಏನೂ ಹೇಳಂಗಿಲ್ಲ. ಹೋಲಿಸೋದಾದ್ರ ಸಂಗ್ರಹ ಭಾಗಿಸು ಪೂರ್ಣ ಸಾಮರ್ಥ್ಯ: ಆಲಮಟ್ಟಿ 123.08, ಹಿಡಕಲ್ 51, ನವಿಲುತೀರ್ಥ 37.73 ಟಿಎಂಸಿ. ಶೇಕಡಾವಾರಿಗೆ ಬಂದ್ರ ಮೂರೂ ಒಂದೇ ಅಕ್ಷದಾಗ ಕೂಡ್ತಾವ.

ಒಳಹರಿವು ಕಾಲಂ ಯಾವ ಟೈಪ್ ಬಂದೈತಿ ಅಂತ ನೋಡ್ರಿ. "1,25,000" ಅಂತ ಅಲ್ಪವಿರಾಮ ಇದ್ರ ಅದು ಸ್ಟ್ರಿಂಗ್. ಸೀರೀಸ್.ರಿಪ್ಲೇಸ್‌ಲೆ ಅಲ್ಪವಿರಾಮ ತಗದು, ಫ್ಲೋಟ್‌ಗೆ (ದಶಮಾಂಶ ಸಂಖ್ಯೆಗೆ) ಕಾಸ್ಟ್, ಅಂದ್ರ ಟೈಪ್ ಬದಲಿಸಿ, ಆಮ್ಯಾಲ ನಿಲ್_ಕೌಂಟ್ (ಖಾಲಿ ಮನಿಗಳ ಎಣಿಕಿ). ಮೊದಲಿನ ಎಣಿಕಿಗಿಂತ ನಿಲ್ ಹೆಚ್ಚಾಗಿದ್ರ ಏನೋ ಕಸ ಉಳದೈತಿ. ಇಲ್ಲಿ ಒಂದು ತಮಾಷೆ: ಬುಲೆಟಿನ್‌ನಾಗ ಹೊರಹರಿವು "ನಿಲ್" ಅಂತ ಬರದಿದ್ರ ಅದು ಸೊನ್ನೆ, ಗೇಟು ಮುಚ್ಚೇತಿ ಅಂತ ಅರ್ಥ. ಎಲಿಕ್ಸಿರ್‌ನ ನಿಲ್ ಅಂದ್ರ ಮಾಹಿತಿನೇ ಇಲ್ಲ. ಅದನ್ನು ನಿಲ್_ವ್ಯಾಲ್ಯೂಸ್ ಪಟ್ಟಿಗೆ ಹಾಕಿದ್ರ ಬ್ಯಾಸಗಿ ಪೂರಾ ಗೆರಿ ಹರದುಹೋಗ್ತದ. ಮೊದಲ 0 ಮಾಡಿ, ಆಮ್ಯಾಲ ಕಾಸ್ಟ್ ಮಾಡ್ರಿ.

ಓದುವಾಗಲೇ ಎರರ್ ಬಂದ್ರ: ಎಕ್ಸ್‌ಪ್ಲೋರರ್ ಮೊದಲ 1,000 ಸಾಲು ನೋಡಿ ಟೈಪ್ ಊಹಿಸ್ತದ. ಅಲ್ಲಿತನಕ ಎಲ್ಲಾ ಪೂರ್ಣಾಂಕ, 1,001ರ ಮ್ಯಾಲ ದಶಮಾಂಶ ಇದ್ರ ಮುರೀತದ. ಡಿಟೈಪ್ಸ್ (ಕಾಲಂ ಕಾಲಮ್ಮಿನ ಟೈಪ್) ನೀವೇ ಕೊಡ್ರಿ, ಊಹೆಗೆ ಬಿಡಬ್ಯಾಡ್ರಿ.

ಈಗ ಗ್ರಾಫ್.

ವೇಗಾಲೈಟ್.ನ್ಯೂ(ವಿಡ್ತ್: 760, ಹೈಟ್: 260)
|> ಡೇಟಾ_ಫ್ರಮ್_ವ್ಯಾಲ್ಯೂಸ್(ಡಿಎಫ್, ಓನ್ಲಿ: ["ಡೇಟ್", "ಲೆವೆಲ್"])
|> ಮಾರ್ಕ್(:ಲೈನ್)
|> ಎನ್‌ಕೋಡ್_ಫೀಲ್ಡ್(:ಎಕ್ಸ್, "ಡೇಟ್", ಟೈಪ್: :ಟೆಂಪೊರಲ್, ಸ್ಕೇಲ್: [ಟೈಪ್: :ಯುಟಿಸಿ])
|> ಎನ್‌ಕೋಡ್_ಫೀಲ್ಡ್(:ವೈ, "ಲೆವೆಲ್", ಟೈಪ್: :ಕ್ವಾಂಟಿಟೇಟಿವ್, ಸ್ಕೇಲ್: [ಝೀರೋ: ಫಾಲ್ಸ್])

ಓನ್ಲಿ ಬಿಡಬ್ಯಾಡ್ರಿ. ಅದಿಲ್ಲಂದ್ರ ಆರೂ ಕಾಲಂ ಜೇಸನ್ (ಪಠ್ಯ ರೂಪದ ಡೇಟಾ) ಆಗಿ ಬ್ರೌಸರಿಗೆ ಹೋಗ್ತಾವ. ಝೀರೋ ಫಾಲ್ಸ್ ಇಲ್ಲಂದ್ರ 0ಯಿಂದ 520ರ ತನಕದ ಅಕ್ಷದಾಗ ಹತ್ತು ಹದಿನೈದು ಮೀಟರಿನ ಏರಿಳಿತ ಸಪಾಟ ಆಗ್ತದ. ಹರಿವಿನ ಗ್ರಾಫಿಗೆ ಮಾತ್ರ ಸೊನ್ನೆ ಇರಲಿ.

ಟೂಲ್‌ಟಿಪ್ ಒಂದೇ ದಿನ ತೋರಸೋದು ಬಗ್ ಅಲ್ಲ. ಲೈನ್ ಅಂದ್ರ ಮೂರೂವರೆ ಸಾವಿರಕ್ಕೂ ಹೆಚ್ಚು ಪಾಯಿಂಟ್ ಸೇರಿ ಒಂದೇ ಆಕೃತಿ. ಮೌಸ್ ಮುಟ್ಟಿದ್ದು ಆ ಆಕೃತಿನ್ನ, ಅದಕ್ಕ ಅಂಟಿಕೊಂಡಿರೋ ಡೇಟಾ ಮೊದಲನೇ ಸಾಲು. ಪರಿಹಾರ ಎರಡು ಲೇಯರ್. ಒಂದರಾಗ ಲೈನ್. ಇನ್ನೊಂದರಾಗ ಮಾರ್ಕ್ :ಪಾಯಿಂಟ್, ಅದರಾಗ ಪ್ಯಾರಾಮ್ "ಹೋವರ್": ಸೆಲೆಕ್ಟ್ ಟೈಪ್ ಪಾಯಿಂಟ್, ಆನ್ "ಪಾಯಿಂಟರ್‌ಓವರ್", ನಿಯರೆಸ್ಟ್ ಟ್ರೂ, ಎನ್‌ಕೋಡಿಂಗ್ಸ್ ["ಎಕ್ಸ್"]. ಒಪಾಸಿಟಿಗೆ ಕಂಡೀಷನ್: ಹೋವರ್ ಆದ್ರ 1 (ಎಂಪ್ಟಿ: ಫಾಲ್ಸ್), ಇಲ್ಲಂದ್ರ 0. ಟೂಲ್‌ಟಿಪ್ ಈ ಲೇಯರಿಗೇ ಕೊಡ್ರಿ. ನಿಯರೆಸ್ಟ್ ಅನ್ನೋದು ಲೈನ್, ಏರಿಯಾ ಮಾರ್ಕಿಗೆ ನಡೆಯಂಗಿಲ್ಲ, ಅದಕ್ಕ ಈ ಕಾಣದ ಚುಕ್ಕಿ ಬೇಕು.

ಲೂಪಿನ ಮಾತು. ಎಲಿಕ್ಸಿರ್‌ನಾಗ ಮೌಲ್ಯ ಬದಲಾಗಂಗಿಲ್ಲ. ವೇಗಾಲೈಟ್.ಮಾರ್ಕ್ ನಿಮ್ಮ ಗ್ರಾಫನ್ನ ತಿದ್ದಂಗಿಲ್ಲ, ತಿದ್ದಿದ ಹೊಸ ಪ್ರತಿ ಕೊಡ್ತದ. ಎನಮ್.ಈಚ್ ಆ ಪ್ರತಿ ತಗೊಂಡು ಚೆಲ್ಲಿಬಿಡ್ತದ, ಒಳಗ ಗ್ರಾಫ್ = ಅಂತ ಬರದ್ರೂ ಹೊರಗಿನ ಹೆಸರಿಗೆ ತಟ್ಟಂಗಿಲ್ಲ. ಎನಮ್.ಮ್ಯಾಪ್‌ಲೆ ಲೇಯರಿನ ಲಿಸ್ಟ್ ಮಾಡಿ ವೇಗಾಲೈಟ್.ಲೇಯರ್ಸ್‌ಗೆ ಒಮ್ಮೆಲೆ ಕೊಡ್ರಿ. ಆದ್ರ ನಿಮ್ಮ ಕೆಲಸಕ್ಕ ಲೇಯರೇ ಬ್ಯಾಡ. ವರ್ಷದ ಕಾಲಂ ಒಂದು ಮಾಡಿ :ಕಲರ್ ಚಾನೆಲ್ಲಿಗೆ ಹಚ್ಚಿದ್ರ ವರ್ಷಕ್ಕೊಂದು ಗೆರಿ ತಾನ ಒಡೀತದ.

ಗುಮ್ಮಟದ_ಪ್ರತಿಧ್ವನಿ (ವಿಜಯಪುರ)

ಮ್ಯಾಲಿನವರು ಡೇಟಾದ್ದು ಪೂರಾ ಹೇಳ್ಯಾರ. ಡ್ರಾಪ್‌ಡೌನ್ ಬಗ್ಗೆ ನಾ ಹೇಳ್ತೀನಿ.

ಲೈವ್‌ಬುಕ್‌ದಾಗ ಆಟ ಎರಡು ಕಡೆ ನಡೀತದ. ಒಂದು ಬ್ರೌಸರ್ ಒಳಗ, ವೇಗಾದ ಪ್ಯಾರಾಮ್. ಇನ್ನೊಂದು ಎಲಿಕ್ಸಿರ್ ಕಡೆ, ಕೀನೋ ಅನ್ನೋ ಲೈವ್‌ಬುಕ್ ಲೈಬ್ರರಿ. ಗ್ರಾಫಿಗೆ ಆಗಲೇ ಹೋಗಿರೋ ಡೇಟಾದಾಗೇ ಆರಿಸೋದು, ಮಬ್ಬು ಮಾಡೋದು, ಜೂಮ್ ಮಾಡೋದು ಇದ್ರ ಪ್ಯಾರಾಮ್. ಹೊಸ ಡೇಟಾ ಓದಬೇಕು, ಹೊಸ ಲೆಕ್ಕ ಹಾಕಬೇಕು ಅಂದ್ರಷ್ಟೇ ಕೀನೋ. ನಿಮ್ಮ ಡೇಟಾ ಬರೀ ಹನ್ನೊಂದು ಸಾವಿರ ಸಾಲು, ಒಮ್ಮೆ ಕಳಿಸಿಬಿಟ್ರ ಎಲ್ಲಾ ಬ್ರೌಸರಿನಾಗೇ ಆಗ್ತದ. ವರ್ಷ ಆರಿಸ್ಲಿಕ್ಕೆ ಕೀನೋ ಬಳಸಿದ್ದೇ ದಾರಿ ತಪ್ಪಿದ್ದು.

ಆದರೂ ಅದು ಯಾಕ ಅಲ್ಲಾಡಲಿಲ್ಲ ಅಂತ ಗೊತ್ತಿರಲಿ. ಕೀನೋ.ಇನ್‌ಪುಟ್.ರೀಡ್ ಸೆಲ್ ಓಡೋ ಹೊತ್ತಿನ ಬೆಲಿ ಒಂದೇ ಸಲ ಓದ್ತದ. ಆಮ್ಯಾಲ ಡ್ರಾಪ್‌ಡೌನ್ ಬದಲಿಸಿದ್ರ ಸೆಲ್ "ಹಳೇದಾತು" ಅಂತ ಗುರುತು ಬೀಳ್ತದ, ಅಷ್ಟೇ. ಸೆಲ್ಲಿನ ಮ್ಯಾಲ ತಾನಾಗಿ ಮರು-ಓಡಿಸೋ ಆಯ್ಕೆ ಅದ, ಇಲ್ಲಾ, ಕೀನೋ.ಫ್ರೇಮ್.ನ್ಯೂ ಮಾಡಿ, ಕೀನೋ.ಲಿಸನ್(ಇನ್‌ಪುಟ್, ಫಂಕ್ಷನ್) ಒಳಗ ಫ್ರೇಮಿಗೆ ರೆಂಡರ್ ಮಾಡ್ರಿ. ಲಿಸನ್ ಬದಲಾವಣಿ ಆದಾಗಷ್ಟೇ ಎಚ್ಚರ ಆಗ್ತದ, ಅದಕ್ಕ ಮೊದಲ ಸಲ ನೀವೇ ಒಮ್ಮೆ ರೆಂಡರ್ ಮಾಡಬೇಕು, ಇಲ್ಲಂದ್ರ ಫ್ರೇಮ್ ಖಾಲಿ ಕೂಡ್ತದ.

ಹಿಂಗ ಮಾಡಿದ್ರ ಮೂರು ತ್ರಾಸು. ಪ್ರತಿ ಸಲ ಗ್ರಾಫ್ ಹೊಸದಾಗಿ ಹುಟ್ಟತದ, ಜೂಮ್ ಮಾಡಿದ್ದು ಹೋಗ್ತದ. ವರ್ಷ ಸೋಸಿ ಕಳಿಸಿದ್ದಕ್ಕ ಬಣ್ಣ ಜಿಗೀತಾವ. 2019 ಮೊದಲು ಕೆಂಪು ಇತ್ತು, ಈಗ ನೀಲಿ, ಯಾಕಂದ್ರ ಬಣ್ಣ ಹಂಚೋದು ಬಂದ ಡೇಟಾ ನೋಡಿ. ಕಲರ್ ಸ್ಕೇಲಿಗೆ ಡೊಮೇನ್, ರೇಂಜ್ ಎರಡೂ ಕಟ್ಟಿಹಾಕಿದ್ರ ನಿಲ್ತದ. ಮೂರನೇದು ದೊಡ್ಡದು: ಕೀನೋ.ಇನ್‌ಪುಟ್ ನೋಟ್‌ಬುಕ್ ತೆರೆದಿರೋ ಎಲ್ಲರಿಗೂ ಒಂದೇ. ಒಬ್ಬರು 2016 ಒತ್ತಿದ್ರ ಪಕ್ಕದವರ ಪರದೆಗೂ 2016. ಒಬ್ಬೊಬ್ಬರಿಗೆ ಬೇರೆ ಬೇಕಂದ್ರ ಕೀನೋ.ಕಂಟ್ರೋಲ್.ಫಾರ್ಮ್.

ಈಗ ವರ್ಷ ಹೋಲಿಸೋದು. ಕ್ಯಾಲೆಂಡರ್ ವರ್ಷ ಬ್ಯಾಡ, ಮಳಿ ವರ್ಷ ತಗೊಳ್ರಿ, ಜೂನ್‌ದಿಂದ ಮೇ. ತಿಂಗಳು 6 ಅಥವಾ ಹೆಚ್ಚಿದ್ರ ಅದೇ ವರ್ಷ, ಇಲ್ಲಂದ್ರ ಒಂದು ಕಡಿಮಿ. ಎಲ್ಲಾ ವರ್ಷದ ಗೆರಿ ಒಂದರ ಮ್ಯಾಲ ಒಂದು ಕೂಡಬೇಕಂದ್ರ ಪ್ರತಿ ತಾರೀಖನ್ನ ಒಂದು ಸುಳ್ಳು ವರ್ಷಕ್ಕ ತರ್ರಿ: ಜೂನ್–ಡಿಸೆಂಬರ್ ಇದ್ದದ್ದು 2023ಕ್ಕ, ಜನವರಿ–ಮೇ 2024ಕ್ಕ. 2024 ಯಾಕಂದ್ರ ಅದು ಅಧಿಕ ವರ್ಷ, 2016, 2020ರ ಫೆಬ್ರವರಿ 29 ಬಂದ್ರೂ ಡೇಟ್.ನ್ಯೂ! ಮುರಿಯಂಗಿಲ್ಲ. ಸುಳ್ಳು ತಾರೀಖು ಎಕ್ಸ್‌ಗೆ, ಖರೇ ತಾರೀಖು ಟೂಲ್‌ಟಿಪ್ಪಿಗೆ, ಮಳಿ ವರ್ಷ ಕಲರಿಗೆ. ಮಳಿ ವರ್ಷಕ್ಕ ಟೈಪ್ :ನಾಮಿನಲ್ ಹಾಕ್ರಿ. ಸಂಖ್ಯೆ ಅಂತ ಬಿಟ್ರ ತಿಳಿನೀಲಿಯಿಂದ ಕಡುನೀಲಿ ಪಟ್ಟಿ ಬರ್ತದ, ಹತ್ತು ಗೆರಿ ಬೇರ್ಪಡಿಸ್ಲಿಕ್ಕೆ ಆಗಂಗಿಲ್ಲ.

ಆಮ್ಯಾಲ ಡ್ರಾಪ್‌ಡೌನ್ ಬದಲು ಲೆಜೆಂಡನ್ನೇ ಒತ್ತೋ ಹಂಗ ಮಾಡ್ರಿ:

|> ಪ್ಯಾರಾಮ್("ಪಿಕ್", ಸೆಲೆಕ್ಟ್: [ಟೈಪ್: :ಪಾಯಿಂಟ್, ಫೀಲ್ಡ್ಸ್: ["ವಾಟರ್_ಇಯರ್"]], ಬೈಂಡ್: :ಲೆಜೆಂಡ್)
|> ಎನ್‌ಕೋಡ್(:ಒಪಾಸಿಟಿ, ಕಂಡೀಷನ್: [ಪ್ಯಾರಾಮ್: "ಪಿಕ್", ವ್ಯಾಲ್ಯೂ: 1], ವ್ಯಾಲ್ಯೂ: 0.12)

2019 ಒತ್ತಿದ್ರ ಅದೊಂದು ಎದ್ದು ನಿಲ್ತದ, ಉಳಿದ ಒಂಬತ್ತು ಮಸುಕಾಗಿ ಹಿಂದ ಇರ್ತಾವ. ಶಿಫ್ಟ್ ಹಿಡಿದು ಒತ್ತಿದ್ರ ಎರಡು ಮೂರು ವರ್ಷ ಕೂಡಿಸಬಹುದು. 2019ರ ಆಗಸ್ಟ್‌ದಾಗ ಆಲಮಟ್ಟಿ ಹೊರಹರಿವು 5 ಲಕ್ಷ ಕ್ಯೂಸೆಕ್ ದಾಟಿದ ಗುಡ್ಡ ಉಳಿದ ವರ್ಷದ ಮುಂದ ಎಷ್ಟು ಎತ್ತರ ಅಂತ ಹಿಂಗ ನೋಡಿದ್ರೇ ತಿಳೀತದ. ಸೋಸಿ ತಗದ್ರ ಹೋಲಿಕಿ ಸತ್ತುಹೋಗ್ತದ.

ಜೂಮಿಗೆ ಕೆಳಗೊಂದು 60 ಪಿಕ್ಸೆಲ್ ಎತ್ತರದ ಸಣ್ಣ ಗ್ರಾಫ್ ಇಡ್ರಿ, ಅದರಾಗ ಪ್ಯಾರಾಮ್ "ಬ್ರಶ್", ಟೈಪ್ ಇಂಟರ್ವಲ್, ಎನ್‌ಕೋಡಿಂಗ್ಸ್ ["ಎಕ್ಸ್"]. ಮ್ಯಾಲಿನ ದೊಡ್ಡ ಗ್ರಾಫಿನ ಎಕ್ಸ್ ಸ್ಕೇಲಿಗೆ ಡೊಮೇನ್: [ಪ್ಯಾರಾಮ್: "ಬ್ರಶ್"]. ಎರಡನ್ನೂ ಕಾನ್‌ಕ್ಯಾಟ್, :ವರ್ಟಿಕಲ್. ಕೆಳಗ ಎಳೆದಷ್ಟು ಭಾಗ ಮ್ಯಾಲ ಹಿಗ್ಗತದ.

ಸೆಕ್ಟರ್_46 (ಬಾಗಲಕೋಟೆ)

ಇಬ್ಬರಿಗೂ ಭಾಳ ಉಪಕಾರ ಆತ್ರಿ. ತಾರೀಖು, ಚುಕ್ಕಿ, ಟೂಲ್‌ಟಿಪ್, ಲೆಜೆಂಡ್ ನಾಲ್ಕೂ ಸರಿ ಆದವು. ಬ್ರಶ್ ಹಾಕೋಕಿಂತ ಮೊದಲ ಬೈಂಡ್: :ಸ್ಕೇಲ್ಸ್ ಕೊಟ್ಟು ನೋಡಿದ್ದೆ. ಎರಡು ತೊಂದರಿ. ಪುಟ ಕೆಳಗ ಸರಸಾಕ ಮೌಸ್ ಗಾಲಿ ತಿರುವಿದ್ರ ಗ್ರಾಫ್ ಜೂಮ್ ಆಗ್ತೈತಿ. ಮತ್ತ ಎರಡೂ ಲೇಯರಿಗೆ ಹಾಕಿದ್ರ "ಡೂಪ್ಲಿಕೇಟ್ ಸಿಗ್ನಲ್ ನೇಮ್" ಅಂತ ಎರರ್. ಇನ್ನ ನಡುವ ನಡುವ ನಾಲ್ಕೈದು ದಿನದ ಬುಲೆಟಿನ್ ಸಿಕ್ಕಿಲ್ಲ, ಅಲ್ಲಿ ಗೆರಿ ಕಡೀದ ಸೀದಾ ಎಳದಂಗ ಬಂದೈತಿ. ಇಲ್ಲದ ಮಾಹಿತಿ ಇದ್ದಂಗ ಕಾಣ್ತೈತಿ.

ಗುಮ್ಮಟದ_ಪ್ರತಿಧ್ವನಿ (ವಿಜಯಪುರ)

ಗಾಲಿಗೆ: ಸೆಲೆಕ್ಟ್ ಒಳಗ ಝೂಮ್: "ವ್ಹೀಲ್![ಇವೆಂಟ್.ಶಿಫ್ಟ್‌ಕೀ]". ಶಿಫ್ಟ್ ಹಿಡಿದಾಗಷ್ಟೇ ಜೂಮ್, ಬರೀ ಗಾಲಿ ಪುಟಕ್ಕ. ಡಬಲ್ ಕ್ಲಿಕ್ ಮಾಡಿದ್ರ ಮೊದಲಿನ ಸ್ಥಿತಿಗೆ ಬರ್ತದ.

ಡೂಪ್ಲಿಕೇಟ್ ಸಿಗ್ನಲ್: ಒಂದೇ ಹೆಸರಿನ ಸೆಲೆಕ್ಷನ್ ಎರಡು ಲೇಯರಿನಾಗ ಹುಟ್ಟಿದ್ದಕ್ಕ. ಒಂದೇ ಲೇಯರಿನಾಗ ಇಡ್ರಿ. ಸ್ಕೇಲ್ ಹಂಚಿಕೊಂಡಿರೋದಕ್ಕ ಇನ್ನೊಂದೂ ಜೊತಿಗೇ ಸರೀತದ.

ಬಿಟ್ಟ ದಿನ: ಸಾಲೇ ಇಲ್ಲಂದ್ರ ವೇಗಾಕ್ಕ ಹೆಂಗ ಗೊತ್ತಾಗಬೇಕು? ಡೇಟ್.ರೇಂಜ್‌ಲೆ 3,653 ದಿನದ ಪೂರ್ಣ ಕ್ಯಾಲೆಂಡರ್ ಮಾಡಿ, ಅದನ್ನ ಎಡಕ್ಕಿಟ್ಟು ಡಿಎಫ್.ಜಾಯಿನ್, ಹೌ: :ಲೆಫ್ಟ್. ಬಿಟ್ಟ ದಿನಕ್ಕ ನಿಲ್ ಬರ್ತದ, ಗೆರಿ ಅಲ್ಲಿ ಹರೀತದ. ಮೂರೂ ಡ್ಯಾಮ್ ಒಂದೇ ಫ್ರೇಮಿನಾಗ ಇದ್ದಾಗ ಈ ಜಾಯಿನ್ ಮಾಡಬ್ಯಾಡ್ರಿ, ಒಂದು ಡ್ಯಾಮಿನ ಸಾಲು ಇದ್ರೂ ಸಾಕು ಆ ದಿನ ತುಂಬೇದ ಅಂತ ತಿಳೀತದ. ಡ್ಯಾಮ್ ಡ್ಯಾಮಿಗೆ ಬೇರೆ ಮಾಡಿ, ಕಡೀಗೆ ಕೂಡಿಸ್ರಿ. ಹೊರಹರಿವಿಗೆ ಇಂಟರ್‌ಪೊಲೇಟ್: "ಸ್ಟೆಪ್-ಆಫ್ಟರ್" ಹಚ್ಚಿದ್ರ ಖರೇ ಚಿತ್ರ. ಗೇಟು ಎತ್ತೋದು ಹಂತ ಹಂತವಾಗಿ, ಇಳಿಜಾರಿನಾಗ ಅಲ್ಲ.

ಘಟಪ್ರಭಾ_ದಂಡಿ (ಗೋಕಾಕ)

ತಾಂತ್ರಿಕ ಮಾತು ಚೆನ್ನಾಗಿ ಆಗಿದೆ, ಆದರೆ ಮೂಲ ಪ್ರಶ್ನೆಯಲ್ಲೇ ಒಂದು ತಪ್ಪಿದೆ, ಯಾರೂ ಹಿಡಿದಿಲ್ಲ. ಹಿಡಕಲ್ ಮತ್ತು ನವಿಲುತೀರ್ಥದ ಹೊರಹರಿವು ಕೂಡಿಸಿ ಆಲಮಟ್ಟಿ ಒಳಹರಿವಿನ ಮೇಲೆ ಇಡಬೇಡಿ. ಹಿಡಕಲ್ ಇರುವುದು ಘಟಪ್ರಭೆ ಮೇಲೆ; ಅದು ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಸೇರಿ ಆಲಮಟ್ಟಿಗೆ ಬರುತ್ತದೆ. ನವಿಲುತೀರ್ಥ ಮಲಪ್ರಭೆ ಮೇಲೆ. ಅದು ಕೃಷ್ಣೆಗೆ ಕೂಡುವುದು ಕೂಡಲಸಂಗಮದಲ್ಲಿ, ಅಂದರೆ ಆಲಮಟ್ಟಿಯ ಕೆಳಗೆ. ಆ ನೀರು ನಾರಾಯಣಪುರ ಡ್ಯಾಮಿಗೆ ಹೋಗುತ್ತದೆ, ಆಲಮಟ್ಟಿ ಅದನ್ನು ನೋಡುವುದೇ ಇಲ್ಲ. ಎರಡು ಗೆರೆ ಒಟ್ಟಿಗೆ ಏರಿಳಿದರೂ ಅದು ಒಂದೇ ಮಳೆಗಾಲದ ಕಾರಣಕ್ಕೆ, ನೀರು ಹರಿದು ಬಂದದ್ದಕ್ಕಲ್ಲ. ಹಿಡಕಲ್ ಒಂದನ್ನೇ ಇಟ್ಟರೂ ಅದು ಚಿಕ್ಕ ಪಾಲು. ಆಲಮಟ್ಟಿಗೆ ದೊಡ್ಡ ಪಾಲು ಮಹಾರಾಷ್ಟ್ರದಿಂದ ಇಳಿಯುವ ಕೃಷ್ಣೆಯದೇ.

ಹಿಡಕಲ್ ನೀರು ತಲುಪಲು ಸಮಯ ಬೇಕು. ಎಷ್ಟು ದಿನ ಸರಿಸಿದರೆ ಗೆರೆಗಳ ಶಿಖರ ಕೂಡುತ್ತವೆ ಎಂದು ನೋಡಲು ಸ್ಲೈಡರ್ ಹಾಕಿ. ಇದಕ್ಕೂ ಕೀನೋ ಬೇಡ. ಪ್ಯಾರಾಮ್ "ಲ್ಯಾಗ್", ವ್ಯಾಲ್ಯೂ: 0, ಬೈಂಡ್: [ಇನ್‌ಪುಟ್: "ರೇಂಜ್", ಮಿನ್: 0, ಮ್ಯಾಕ್ಸ್: 5, ಸ್ಟೆಪ್: 1]. ಹಿಡಕಲ್ ಲೇಯರಿನಲ್ಲಿ ಟ್ರಾನ್ಸ್‌ಫಾರ್ಮ್ ಕ್ಯಾಲ್ಕ್ಯುಲೇಟ್: ತಾರೀಖನ್ನು ಟೂಡೇಟ್ ಮಾಡಿ, ಟೈಮ್() ಹಾಕಿ ಮಿಲಿಸೆಕೆಂಡಿಗೆ ತಂದು, ಅದಕ್ಕೆ ಲ್ಯಾಗ್ × 86400000 ಕೂಡಿಸಿ. ಎಲಿಕ್ಸಿರ್ ಕಡೆಯಿಂದಲೇ ಸರಿಸುವುದಾದರೆ ಸೀರೀಸ್.ಶಿಫ್ಟ್ ಇದೆ, ಆದರೆ ಅದು ಸಾಲುಗಳನ್ನು ಸರಿಸುತ್ತದೆಯೇ ಹೊರತು ದಿನಗಳನ್ನಲ್ಲ. ಮೂರು ಡ್ಯಾಮ್ ಒಂದರ ಕೆಳಗೊಂದು ಇರುವ ಫ್ರೇಮಿನಲ್ಲಿ ಶಿಫ್ಟ್ ಮಾಡಿದರೆ ಆಲಮಟ್ಟಿಯ ಕೊನೆಯ ದಿನ ಹಿಡಕಲ್ಲಿನ ಮೊದಲ ದಿನಕ್ಕೆ ಸೋರುತ್ತದೆ.

ಎರಡನೆಯ ಮಾತು, ಗ್ರಾಫ್ ತೋರಿಸುವ ಮೊದಲು ಅಂಕಿ ನಂಬಬಹುದೇ ಎಂದು ಒಂದು ಗ್ರಾಫ್ ಹಾಕಿಕೊಳ್ಳಿ. 1 ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾಗಿ 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ. ಒಳಹರಿವು 1,20,000, ಹೊರಹರಿವು 62,130 ಇದ್ದ ದಿನ ವ್ಯತ್ಯಾಸ 57,870. ಸಂಗ್ರಹ 5 ಟಿಎಂಸಿ ಏರಬೇಕು. ಬುಲೆಟಿನ್ನಿನ ಸಂಗ್ರಹ ನಿನ್ನೆಗೂ ಇವತ್ತಿಗೂ ಎಷ್ಟು ಬದಲಾಗಿದೆ ಎಂಬುದರಿಂದ ಇದನ್ನು ಕಳೆದು, ಉಳಿಕೆಯನ್ನು ಬಾರ್ ಗ್ರಾಫ್ ಮಾಡಿ. ಆವಿ, ಕಾಲುವೆಗಳಿಂದ ಸಣ್ಣ ಉಳಿಕೆ ಇದ್ದೇ ಇರುತ್ತದೆ. ಒಂದು ಬಾರ್ ಮಾತ್ರ ಎದ್ದು ನಿಂತರೆ ಅಲ್ಲಿ ಟೈಪಿಂಗ್ ತಪ್ಪು, ಸಾಮಾನ್ಯವಾಗಿ ಒಂದು ಸೊನ್ನೆ ಹೆಚ್ಚು ಕಡಿಮೆ. ಪಕ್ಕಪಕ್ಕದಲ್ಲಿ ಒಂದು ಮೇಲೆ ಒಂದು ಕೆಳಗೆ ಬಾರ್ ಬಂದರೆ ಆ ದಿನದ ಸಂಗ್ರಹ ತಪ್ಪು. ಏರಿಕೆಯ ದಿನಗಳಲ್ಲೆಲ್ಲ ಒಂದೇ ದಿಕ್ಕು, ಇಳಿಕೆಯಲ್ಲೆಲ್ಲ ವಿರುದ್ಧ ದಿಕ್ಕು ಬಂದರೆ ಎರಡು ಕಾಲಂ ಒಂದು ದಿನ ಹಿಂದೆಮುಂದೆ ಆಗಿವೆ: ಮಟ್ಟ ಬೆಳಗಿನದು, ಹರಿವು ಹಿಂದಿನ 24 ಗಂಟೆಯ ಸರಾಸರಿ ಇದ್ದಾಗ ಹೀಗಾಗುತ್ತದೆ. ನಿಮ್ಮ ಎಲ್ಲಾ ಗ್ರಾಫುಗಳಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಇದೇ ಕುರೂಪಿ ಬಾರ್ ಗ್ರಾಫ್ ಎಂದು ನನ್ನ ಲೆಕ್ಕ.

ಗೆರೆ ನುಣುಪು ಮಾಡಲು ವಿಂಡೋ_ಮೀನ್ 7 ಬಳಸುವ ಆಸೆ ಬರಬಹುದು. ಅದು ಹಿಂದಿನ ಏಳು ದಿನ ನೋಡುವುದರಿಂದ ಶಿಖರವನ್ನು ಸುಮಾರು 3 ದಿನ ತಡ ಮಾಡಿ ತೋರಿಸುತ್ತದೆ, ಮೇಲಿನ ಲ್ಯಾಗ್ ಲೆಕ್ಕವೇ ಕೆಡುತ್ತದೆ. ಸೆಂಟರ್: ಟ್ರೂ ಕೊಡಿ. ಪ್ರವಾಹದ ಗ್ರಾಫಿಗೆ ನುಣುಪೇ ಬೇಡ.

ಪೈಪ್_ಆಪರೇಟರ್ (ಬೆಳಗಾವಿ)

ಎರಡು ಮೂರು ಬಿಡಿ ಮಾತು.

ಅಕ್ಷದ ಮೇಲೆ 125,000 ಬದಲು 1,25,000 ಬೇಕಾದರೆ ವೇಗಾಲೈಟ್.ಕಾನ್ಫಿಗ್‌ನಲ್ಲಿ ಲೊಕೇಲ್, ಅದರೊಳಗೆ ನಂಬರ್: ಡೆಸಿಮಲ್ ".", ಥೌಸಂಡ್ಸ್ ",", ಗ್ರೂಪಿಂಗ್ [3, 2, 2, 2, 2], ಕರೆನ್ಸಿ ["₹", ""]. ನಾಲ್ಕೂ ಕೊಡಿ. ತಿಂಗಳ ಹೆಸರು ಕನ್ನಡದಲ್ಲಿ ಬೇಕಾದರೆ ಲೊಕೇಲ್ ಗೊಡವೆಗೆ ಹೋಗದೆ ಎಕ್ಸ್ ಅಕ್ಷಕ್ಕೆ ಲೇಬಲ್_ಎಕ್ಸ್‌ಪ್ರ್ ಬರೆಯಿರಿ: ಹನ್ನೆರಡು ಹೆಸರಿನ ಒಂದು ಪಟ್ಟಿ, ಅದರ ಮುಂದೆ [ಯುಟಿಸಿಮಂತ್(ಡೇಟಮ್.ವ್ಯಾಲ್ಯೂ)]. ಎಣಿಕೆ 0ಯಿಂದ ಶುರು, ಪಟ್ಟಿಯ ಮೊದಲ ಹೆಸರು ಜನವರಿ. ಬರೀ ಮಂತ್() ಹಾಕಿದರೆ ಯುಟಿಸಿ ಸ್ಕೇಲಿನ ಜೊತೆ ಬೆರೆಯುತ್ತದೆ, ಮೇಲೆ ಹೇಳಿದ 5:30ರ ಕಥೆಯೇ. ಉದ್ದ ಕನ್ನಡ ಲೇಬಲ್ ಕೊನೆಗೆ ಮೂರು ಚುಕ್ಕಿ ಬಂದರೆ ಲೇಬಲ್_ಲಿಮಿಟ್ ಏರಿಸಿ. ಮೂಲತಃ 180 ಪಿಕ್ಸೆಲ್ ಇರುತ್ತದೆ.

ಮುಂದೆ ಗಂಟೆಗೊಮ್ಮೆಯ ಡೇಟಾ ಸಿಕ್ಕರೆ ಡ್ಯಾಮಿಗೆ 87,000ಕ್ಕೂ ಹೆಚ್ಚು ಸಾಲು. ಆಗ ಎಲ್ಲವನ್ನೂ ಬ್ರೌಸರಿಗೆ ತಳ್ಳಬೇಡಿ. ಎಕ್ಸ್‌ಪ್ಲೋರರ್‌ನಲ್ಲಿ ದಿನಕ್ಕೆ ಗ್ರೂಪ್_ಬೈ ಮಾಡಿ ಕನಿಷ್ಠ, ಗರಿಷ್ಠ ಎರಡನ್ನೂ ತೆಗೆದು ನಡುವೆ :ಏರಿಯಾ ತುಂಬಿ. ಸರಾಸರಿ ತೆಗೆದರೆ ಎರಡು ಗಂಟೆ ಬಂದು ಹೋದ ಶಿಖರ ಮಾಯವಾಗುತ್ತದೆ. ಆಗ ಮಾತ್ರ ಕೀನೋ ಫಾರ್ಮ್ ಇಟ್ಟು, ಆರಿಸಿದ ವಾರದ ಪೂರ್ಣ ಡೇಟಾ ಕೇಳಿದಾಗ ಕಳಿಸಿ.

ಭಾಷೆ ಬದಲಿಸಬೇಕೇ ಎಂದು ಯಾರಾದರೂ ಕೇಳುವ ಮೊದಲೇ: ಹ್ಯಾಸ್ಕೆಲ್‌ನ ಎಚ್‌ವೇಗಾ, ಕ್ಲೋಜರ್‌ನ ಕ್ಲರ್ಕ್ ಎರಡೂ ಇದೇ ವೇಗಾ-ಲೈಟ್ ಸ್ಪೆಕ್ (ಗ್ರಾಫಿನ ವಿವರಣೆ) ಬಳಸುತ್ತವೆ, ಮೇಲಿನ ಟೂಲ್‌ಟಿಪ್, ಚುಕ್ಕಿ, ಸಿಗ್ನಲ್ ತೊಂದರೆ ಅಲ್ಲೂ ಹೀಗೇ ಬರುತ್ತವೆ. ಎಫ್-ಶಾರ್ಪ್‌ನ ಪ್ಲಾಟ್ಲಿ.ನೆಟ್ ಬೇರೆ ದಾರಿ. ಅಲ್ಲಿ ಜೂಮ್, ಟೂಲ್‌ಟಿಪ್ ಕೇಳದೆಯೇ ಸಿಗುತ್ತವೆ, ಗೆರೆ ಮುಟ್ಟಿದರೆ ಆ ಪಾಯಿಂಟಿನದೇ ವಿವರ ಬರುತ್ತದೆ. ಲೆಜೆಂಡ್ ಒತ್ತಿದರೆ ಮಾತ್ರ ಆ ಗೆರೆ ಮರೆಯಾಗುತ್ತದೆ, ಉಳಿದವು ಮಸುಕಾಗುವುದಿಲ್ಲ. ಎಲಿಕ್ಸಿರ್‌ನಲ್ಲೇ ಕಡಿಮೆ ಬರೆಯಬೇಕಾದರೆ ಟುಕಾನ್ ಇದೆ. ಅದರ ಲೈನ್‌ಪ್ಲಾಟ್ ಕೊಡುವುದು ವೇಗಾಲೈಟ್ ಸ್ಟ್ರಕ್ಟನ್ನೇ, ಹಾಗಾಗಿ ಮುಂದೆ ಇದೇ ಪ್ಯಾರಾಮ್‌ಗಳನ್ನು ಪೈಪ್ ಮಾಡಬಹುದು.

ಹಳೆಯ ಪಿಸಿಯಲ್ಲಿ ಎಕ್ಸ್‌ಪ್ಲೋರರ್ ಲೋಡ್ ಆಗುವಾಗಲೇ "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಎಂದು ರನ್‌ಟೈಮ್ ಸತ್ತರೆ ನಿಮ್ಮ ಕೋಡ್ ಹುಡುಕಬೇಡಿ. ಅದರ ತಯಾರಿ ಬೈನರಿ ಹೊಸ ಸಿಪಿಯು ಸೂಚನೆಗಳನ್ನು ಬಳಸುತ್ತದೆ. ಸೆಟಪ್ ಸೆಲ್ಲಿನಲ್ಲಿ ಎಕ್ಸ್‌ಪ್ಲೋರರ್‌ನ ಯೂಸ್_ಲೆಗಸಿ_ಆರ್ಟಿಫ್ಯಾಕ್ಟ್ಸ್ ಟ್ರೂ ಮಾಡಿ ಮರು-ಇನ್‌ಸ್ಟಾಲ್ ಮಾಡಿ.

ಮತ್ತೆ, ನೋಟ್‌ಬುಕ್ ಉಳಿಸುವಾಗ "ಔಟ್‌ಪುಟ್ ಸಮೇತ" ಆನ್ ಇದ್ದರೆ ಗ್ರಾಫಿನ ಡೇಟಾ ಪೂರ್ತಿ ಲೈವ್‌ಎಂಡಿ (ನೋಟ್‌ಬುಕ್ಕಿನ) ಫೈಲಿನೊಳಗೆ ಬರೆಯಲ್ಪಡುತ್ತದೆ. ಗಿಟ್‌ನಲ್ಲಿ (ಫೈಲಿನ ಹಳೆ ಪ್ರತಿಗಳನ್ನು ಕಾಯ್ದಿಡುವ ತಂತ್ರಾಂಶ) ಇಟ್ಟಿದ್ದರೆ ಒಂದು ಬಣ್ಣ ಬದಲಿಸಿದಾಗಲೂ ಭಾರೀ ಡಿಫ್ (ಬದಲಾವಣೆಯ ಪಟ್ಟಿ) ಕಾಣುತ್ತದೆ. ಆಫ್ ಮಾಡಿಡಿ.

ಸೆಕ್ಟರ್_46 (ಬಾಗಲಕೋಟೆ)

ಉಳಿಕಿ ಬಾರ್ ಗ್ರಾಫ್ ಹಾಕಿದೆ. ಏಳು ಬಾರ್ ಎದ್ದು ನಿಂತಾವ, ಅದರಾಗ ಐದು ಕಡೆ ಒಂದು ಸೊನ್ನಿ ಹೆಚ್ಚು, ಒಂದು ಕಡೆ ಒಳಹರಿವು ಹೊರಹರಿವು ಅದಲಿಬದಲಿ. ಏಳನೇದು 2017ರ ಜುಲೈದು, ಇನ್ನ ಹುಡುಕಾಕತ್ತೀನಿ. ಮಲಪ್ರಭಾ ಗೆರಿ ತಗದುಬಿಟ್ಟೆ. ಅದಕ್ಕ ನಾರಾಯಣಪುರದ ಡೇಟಾ ತಗೊಂಡು ಬ್ಯಾರೆ ಗ್ರಾಫ್ ಮಾಡ್ತೀನಿ.